ಬಿಸಿಲು ಬಿದ್ದ ಮೇಲೆ ಬರೋ ನೀರು

ಹರಿಕೇನ್, ಅಂದ್ರೆ ಚಂಡಮಾರುತ, ಬರ್ತಿದೆ ಅಂದ ಕೂಡ್ಲೇ ಟೀವಿಯವರೆಲ್ಲ ಸಮುದ್ರದ ಕಡೆ ಓಡ್ತಾರೆ. ರೇನ್‌ಕೋಟ್ ಹಾಕ್ಕೊಂಡು ಬೀಚಲ್ಲಿ ನಿಂತ ವರದಿಗಾರ, ಹಿಂದೆ ಬಗ್ಗಿ ಒದ್ದಾಡೋ ಮರ, ಕಿಟಕಿಗಳಿಗೆ ಪ್ಲೈವುಡ್ ಹೊಡೀತಿರೋ ಜನ, ಕೆಳಗೆ ದೊಡ್ಡ ಅಕ್ಷರದಲ್ಲಿ ಕ್ಯಾಟಗರಿ ನಂಬರ್. ನಾವಿರೋದು ನಾರ್ತ್ ಕೆರೊಲೈನಾದ ರಾಲಿ ಹತ್ರ, ಸಮುದ್ರಕ್ಕೆ ಇಲ್ಲಿಂದ ಕಾರಲ್ಲಿ ಎರಡು ಗಂಟೆ ಮೇಲೇ ಬೇಕು, ಹಾಗಾಗಿ ಆ ನಂಬರ್ ನಾಲ್ಕರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳೀತಿದ್ದ ಹಾಗೆ ಆಫೀಸಲ್ಲಿ, ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಎಲ್ಲರೂ ಉಸಿರು ಬಿಡ್ತಾರೆ, ಅಬ್ಬಾ ತಪ್ತು ಅಂತ.

ಆ ನಂಬರ್ ಅಳೆಯೋದು ಗಾಳೀನ ಮಾತ್ರ. ಗಂಟೆಗೆ 119 ಕಿಲೋಮೀಟರ್ ದಾಟಿದ್ರೆ ಒಂದು, 252 ಮುಟ್ಟಿದ್ರೆ ಐದು, ಅಷ್ಟೇ. ಎಷ್ಟು ಮಳೆ ಸುರಿಯತ್ತೆ, ಯಾವ ಹೊಳೆ ಯಾವಾಗ ತುಂಬತ್ತೆ ಅನ್ನೋದಕ್ಕೆ ಆ ಲೆಕ್ಕದಲ್ಲಿ ಜಾಗಾನೇ ಇಲ್ಲ. 2018ರ ಫ್ಲಾರೆನ್ಸ್ ಅನ್ನೋ ಹರಿಕೇನ್ ದಡ ಮುಟ್ಟಿದಾಗ ಬರೀ ಕ್ಯಾಟಗರಿ ಒಂದು, ಆದ್ರೆ ಮನುಷ್ಯ ನಡೆಯೋ ವೇಗದಲ್ಲಿ ತೆವಳ್ತಾ ದಿನಗಟ್ಟಲೆ ಕೂತುಬಿಡ್ತು, ಎಲಿಜಬೆತ್‌ಟೌನ್ ಅನ್ನೋ ಒಳನಾಡಿನ ಊರಲ್ಲಿ 35 ಇಂಚಿಗೂ ಮೇಲೆ ಮಳೆ. ನ್ಯಾಷನಲ್ ಹರಿಕೇನ್ ಸೆಂಟರಿನ ಎಡ್ವರ್ಡ್ ರಾಪಪೋರ್ಟ್ ಅನ್ನೋರು 1970ರಿಂದ 1999ರವರೆಗೆ ಅಮೆರಿಕಾದಲ್ಲಿ ಈ ಚಂಡಮಾರುತಗಳಿಂದ ಸತ್ತವರ ಲೆಕ್ಕ ತೆಗೆದು ನೋಡಿದ್ರು, ಅರ್ಧಕ್ಕಿಂತ ಹೆಚ್ಚು ಜನ ಸತ್ತಿದ್ದು ಸಮುದ್ರದ ಅಲೆಗೂ ಅಲ್ಲ, ಗಾಳಿಗೂ ಅಲ್ಲ, ಒಳನಾಡಲ್ಲಿ ಮಳೆ ನೀರಿಗೆ, ಹೊಳೆ ನೀರಿಗೆ. ಅದ್ರಲ್ಲೂ ಸುಮಾರು ಜನ ಕಾರಲ್ಲಿ, ರಸ್ತೆ ಮೇಲೆ ನೀರು ಸ್ವಲ್ಪಾನೇ ಇದೆ ದಾಟಿಬಿಡೋಣ ಅಂತ ಹೋದವರು.

2016ರ ಅಕ್ಟೋಬರ್ 8, ಶನಿವಾರ, ಮ್ಯಾಥ್ಯೂ ಅನ್ನೋ ಹರಿಕೇನ್ ಬಂದ ದಿನ. ಸೌತ್ ಕೆರೊಲೈನಾದಲ್ಲಿ ದಡ ಹತ್ತಿದಾಗ ಅದೂ ಕ್ಯಾಟಗರಿ ಒಂದೇ. ನಮ್ಮಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೂ ಒಂದೇ ಸಮ ಮಳೆ, ಸಂಜೆ ಮೇಲೆ ಗಾಳಿ, ಕರೆಂಟ್ ಹೋಯ್ತು, ಕ್ರಾಬ್‌ಟ್ರೀ ಕ್ರೀಕ್ ಅನ್ನೋ ಹಳ್ಳ ಉಕ್ಕಿ ಪಕ್ಕದ ರಸ್ತೆಗಳಿಗೆ ಬಂತು. ಮಾರನೇ ದಿನ ಭಾನುವಾರ ಎದ್ದು ನೋಡಿದ್ರೆ ಅಂಥಾ ನೀಲಿ ಆಕಾಶ ವರ್ಷದಲ್ಲಿ ನಾಕೈದು ಸಲ ಸಿಗತ್ತೋ ಇಲ್ವೋ. ಜನ ಬಿದ್ದ ಕೊಂಬೆ ಎಳೆದು ಹಾಕ್ತಿದ್ರು, ಮಕ್ಕಳು ಸೈಕಲ್ ತೆಗೆದಿದ್ರು. ಮುಗೀತು ಅಂತಾನೇ ಎಲ್ಲರ ಮಾತು.

ಊರಿಂದ ಅವ್ವ ಫೋನ್ ಮಾಡಿದ್ಲು. ಗಾಳಿ ಹೀಗಿತ್ತು, ಮರ ಬಿತ್ತು ಅಂತ ನಾನು ಹೇಳ್ತಾ ಇದ್ರೆ ಅವಳು ಅದನ್ನ ಅರ್ಧಕ್ಕೇ ನಿಲ್ಲಿಸಿ, "ಗಾಳಿ ಬಿಡು, ಹೊಳಿ ಎಷ್ಟ ದೂರ ಐತಿ ನಿಮ್ಮ ಮನಿಗೆ?" ಅಂದ್ಲು. ನಮ್ಮೂರು ಬಾದಾಮಿ ಕಡೆ, ಮಲಪ್ರಭಾ ದಂಡೆ. ಅಲ್ಲಿಯವರಿಗೆ ತಲೆ ಮೇಲಿನ ಮಳೆಗಿಂತ ಮೇಲಿನ ಸೀಮೆಯಲ್ಲಿ ಏನಾಯ್ತು, ನವಿಲುತೀರ್ಥ ಡ್ಯಾಮಿನ ಗೇಟು ಎಷ್ಟು ಎತ್ತಿದ್ರು ಅನ್ನೋದೇ ಸುದ್ದಿ. ನಮ್ಮೂರಲ್ಲಿ ಒಂದು ಹನಿ ಬೀಳದೇ ಇದ್ದಾಗ್ಲೂ ಹೊಳೆ ಬಂದಿದ್ದನ್ನ ಅವಳು ಬೇಕಾದಷ್ಟು ಸಲ ಕಂಡಿದ್ದಾಳೆ. ಹೊಳೆ ದೂರ ಇದೆ ಅಂದೆ. "ಹಂಗಾದ್ರ ಕೆಳಗಿನ ಊರವರ ಗತಿ ಏನ?" ಅಂತ ಕೇಳಿದ್ಲು. ಅವತ್ತು ಇಡೀ ರಾಲಿಯಲ್ಲಿ ಆ ಪ್ರಶ್ನೆ ಕೇಳಿದವರು ನನಗಂತೂ ಯಾರೂ ಸಿಕ್ಕಿರಲಿಲ್ಲ.

ಕೆಳಗಿನ ಊರವರಿಗೆ ಆ ಭಾನುವಾರ ಅದು ಶುರುವಾಗೋದ್ರಲ್ಲಿತ್ತು. ರಾಲಿಯ ಎಲ್ಲ ಹಳ್ಳದ ನೀರೂ ನ್ಯೂಸ್ ನದಿಗೆ ಹೋಗತ್ತೆ, ನ್ಯೂಸ್ ಕೆಳಗೆ ಗೋಲ್ಡ್ಸ್‌ಬರೋ, ಕಿನ್‌ಸ್ಟನ್ ದಾಟಿ ಹೋಗತ್ತೆ. ಅದಕ್ಕೆ ಉತ್ತರಕ್ಕೆ ಇನ್ನೊಂದು ನದಿ, ಟಾರ್. ಅದು ರಾಕಿ ಮೌಂಟ್, ಟಾರ್‌ಬರೋ, ಗ್ರೀನ್‌ವಿಲ್ ಮೇಲೆ ಹೋಗಿ ಪ್ಯಾಮ್ಲಿಕೋ ಅಂತ ಹೆಸರು ಬದಲಾಯಿಸ್ಕೊಂಡು ಸಮುದ್ರದ ಕಡೆ ಅಗಲ ಆಗತ್ತೆ. ಮೇಲ್ಭಾಗದಲ್ಲಿ ನೆಲ ಇಳಿಜಾರು, ಕೆಂಪು ಜೇಡಿ, ನೀರು ಬೇಗ ಓಡತ್ತೆ. ಐ-95 ಹೆದ್ದಾರಿ ದಾಟಿದ ಮೇಲೆ ನೆಲ ಚಪ್ಪಟೆ, ಮರಳು, ಜೌಗು, ನದಿಗೆ ಓಡೋಕೆ ಇಳಿಜಾರೇ ಇಲ್ಲ, ಹಾಗಾಗಿ ಮೇಲಿಂದ ಓಡಿ ಬಂದ ನೀರೆಲ್ಲ ಅಲ್ಲಿ ಬಂದು ಒಂದರ ಮೇಲೊಂದು ಪೇರಿಸ್ಕೊಳ್ತಾ ನಿಧಾನಕ್ಕೆ ಏರತ್ತೆ. ಶನಿವಾರ ಬಿದ್ದ ಮಳೆಯ ನೀರು ಕಿನ್‌ಸ್ಟನ್‌ನಲ್ಲಿ ನೆತ್ತಿ ಮುಟ್ಟಿದ್ದು ಮುಂದಿನ ಶುಕ್ರವಾರದ ಹೊತ್ತಿಗೆ, 28 ಅಡಿ ದಾಟಿ. ಅಲ್ಲಿ 14 ಅಡಿಗೇ ನೆರೆ ಅಂತ ಲೆಕ್ಕ. ಅಷ್ಟೂ ದಿನ ಮೇಲೆ ಸುಡು ಬಿಸಿಲು. ಕಣ್ಣಿಗೆ ಯಾವ ಅಪಾಯಾನೂ ಕಾಣದೇ ಇರೋವಾಗ ಮನೆ ಬಿಡಿ ಅಂದ್ರೆ ಯಾರು ಬಿಡ್ತಾರೆ ಹೇಳಿ.

ಟಾರ್‌ಬರೋ ಊರಿನ ಎದುರು ದಂಡೆಯಲ್ಲಿ ಪ್ರಿನ್ಸ್‌ವಿಲ್ ಅಂತ ಒಂದು ಪುಟ್ಟ ಊರು. ನಾನು ಬರೀಬೇಕು ಅಂತ ಕೂತಿದ್ದೇ ಆ ಊರಿನ ಬಗ್ಗೆ. 1865ರಲ್ಲಿ ಸಿವಿಲ್ ವಾರ್ ಮುಗಿದಾಗ ಸುತ್ತಲಿನ ಹತ್ತಿ ಹೊಲಗಳಲ್ಲಿ ಗುಲಾಮರಾಗಿದ್ದವರು ಇಲ್ಲಿ ಬೀಡು ಬಿಟ್ಟಿದ್ದ ಯೂನಿಯನ್, ಅಂದ್ರೆ ಉತ್ತರದ ಕಡೆಯ ಸೈನಿಕರ ಹತ್ರ ಬಂದು ಸೇರಿದ್ರು. ನೀವಿನ್ನು ಸ್ವತಂತ್ರರು ಅಂತ ಅವರಿಗೆ ಹೇಳಿದ ದಿಬ್ಬಕ್ಕೆ ಫ್ರೀಡಂ ಹಿಲ್ ಅಂತ ಹೆಸರಾಯ್ತು, ಊರಿನ ಮೊದಲ ಹೆಸರೂ ಅದೇ. ಆಮೇಲೆ ಅಲ್ಲೇ ಇದ್ದ ಟರ್ನರ್ ಪ್ರಿನ್ಸ್ ಅನ್ನೋ ಬಡಗಿಯ ಹೆಸರಲ್ಲಿ ಪ್ರಿನ್ಸ್‌ವಿಲ್ ಆಯ್ತು, 1885ರಲ್ಲಿ ಸರಿಯಾಗಿ ಊರಂತ ನೋಂದಣಿ. ಕರಿಯರು ತಾವೇ ಕಟ್ಟಿ, ತಾವೇ ಆಳ್ಕೊಳ್ಳೋಕೆ ಸನದು ಪಡೆದ ಊರುಗಳಲ್ಲಿ ಅಮೆರಿಕಾದಲ್ಲೇ ಹಳೇದು ಅಂತ ಅದಕ್ಕೆ ಹೆಸರು.

ಆ ಜಾಗ ಅವರಿಗೆ ಸಿಕ್ಕಿದ್ದು ಯಾಕೆ ಅಂದ್ರೆ ಅದು ಬೇರೆ ಯಾರಿಗೂ ಬೇಡವಾಗಿತ್ತು. ಎತ್ತರದ ದಂಡೆ ಬಿಳಿಯರ ಟಾರ್‌ಬರೋಗೆ, ತಗ್ಗು ಜೌಗು ಇವರಿಗೆ. 1865ರಲ್ಲೇ ನೆರೆ, ಆಮೇಲೆ 1889, 1919, 1924, 1940, 1958. ಪ್ರತಿ ಸಲ ಮುಳುಗೋದು, ಕೆಸರು ಬಳಿಯೋದು, ಮತ್ತೆ ಒಲೆ ಹಚ್ಚೋದು. ಕೊನೆಗೆ 1967ರಲ್ಲಿ ಸೇನೆಯ ಇಂಜಿನಿಯರ್ ದಳ, ಆರ್ಮಿ ಕೋರ್ ಅಂತಾರಲ್ಲ ಅವರು, ನದಿ ಉದ್ದಕ್ಕೂ ಮಣ್ಣಿನ ಒಡ್ಡು ಕಟ್ಟಿಕೊಟ್ರು. ಮೂವತ್ತು ವರ್ಷ ಊರಿಗೆ ನೀರು ನುಗ್ಗಲಿಲ್ಲ. ಒಂದು ತಲೆಮಾರಿನ ಮಕ್ಕಳು ನೆರೆ ಅಂದ್ರೆ ಅಜ್ಜಿ ಹೇಳೋ ಕಥೆ ಅಂದ್ಕೊಂಡೇ ಬೆಳೆದ್ರು.

1999ರ ಸೆಪ್ಟೆಂಬರಿನ ಮೊದಲ ವಾರ ಡೆನಿಸ್ ಬಂದು ನೆಲ ನೆನೆಸಿ ಹೋಯ್ತು. ಭೂಮಿ ಇನ್ನು ಒಂದು ಲೋಟ ನೀರೂ ಕುಡಿಯೋ ಸ್ಥಿತಿಯಲ್ಲಿ ಇರಲಿಲ್ಲ. 16ನೇ ತಾರೀಖು ಬೆಳಗಿನ ಜಾವ ಫ್ಲಾಯ್ಡ್ ಬಂತು, ಕ್ಯಾಟಗರಿ ಎರಡು, ಪೂರ್ವದ ಜಿಲ್ಲೆಗಳ ಮೇಲೆ ಕೆಲವು ಕಡೆ 15, 20 ಇಂಚು ಸುರಿದು ಅವತ್ತೇ ಮುಂದಕ್ಕೆ ಹೋಗಿಬಿಡ್ತು. ಪ್ರಿನ್ಸ್‌ವಿಲ್ಲಿನ ಜನ ಮರಳಿನ ಚೀಲ ಪೇರಿಸಿದ್ರು. ಆದ್ರೆ ನೀರು ಒಡ್ಡನ್ನ ಒಡೆದು ಬರಲಿಲ್ಲ, ಒಡ್ಡಿನ ಉತ್ತರದ ತುದಿ ಸುತ್ತಿಕೊಂಡು, ರೈಲು ಹಳಿಗೆ ಅಂತ ಬಿಟ್ಟಿದ್ದ ಸಂದಿಯಿಂದ ಒಳಗೆ ಬಂತು. ಟಾರ್‌ಬರೋ ಮಾಪಕದಲ್ಲಿ 19 ಅಡಿಗೆ ನೆರೆ, ಅವತ್ತು ನದಿ ಏರಿದ್ದು 41 ಅಡಿ ಮೇಲೆ, ಅದೂ ಚಂಡಮಾರುತ ಹೋಗಿ ಮೂರನೇ ದಿನಕ್ಕೆ. ಮನೆಗಳ ಸೂರು ಮಾತ್ರ ಕಾಣ್ತಿತ್ತು. ಸ್ಮಶಾನದ ಶವಪೆಟ್ಟಿಗೆಗಳು ಮಣ್ಣಿಂದ ಎದ್ದು ತೇಲಿ ಹೋದ್ವು. ಅದಕ್ಕಿಂತ ಕಷ್ಟ ಏನಂದ್ರೆ ಹೊಳೆ ಇಳಿದ ಮೇಲೂ ಊರಿನ ನೀರು ಇಳೀಲಿಲ್ಲ. ಹೊರಗಿನ ನೀರು ತಡೀಲಿ ಅಂತ ಕಟ್ಟಿದ ಒಡ್ಡು ಒಳಗೆ ಬಂದ ನೀರನ್ನ ಹೊರಗೆ ಬಿಡಲೇ ಇಲ್ಲ, ಬೋಗುಣಿಯಲ್ಲಿ ನಿಂತ ಹಾಗೆ ನಿಂತೇಬಿಡ್ತು, ದಿನಗಟ್ಟಲೆ.

ಆಮೇಲೆ ಸರ್ಕಾರದ ಕಡೆಯಿಂದ ಬಂದಿದ್ದು ಎರಡು ದಾರಿ. ಒಂದು ಬೈಔಟ್. ವಿಪತ್ತು ಪರಿಹಾರ ನೋಡ್ಕೊಳ್ಳೋ ಕೇಂದ್ರದ ಫೀಮಾ ಇಲಾಖೆ ದುಡ್ಡಲ್ಲಿ ನೆರೆಗೆ ಮುಂಚಿನ ಬೆಲೆ ಕೊಟ್ಟು ಮನೆ ಕೊಂಡ್ಕೊಳ್ತಾರೆ, ಕೆಡವ್ತಾರೆ, ಆ ಜಾಗದಲ್ಲಿ ಇನ್ಯಾವತ್ತೂ ಯಾರೂ ಮನೆ ಕಟ್ಟೋ ಹಾಗಿಲ್ಲ. ಇನ್ನೊಂದು, ಒಡ್ಡು ರಿಪೇರಿ ಮಾಡಿಕೊಡ್ತೀವಿ, ಇಲ್ಲೇ ಇರಿ. ಎರಡೂ ಒಟ್ಟಿಗೆ ಸಿಗಲ್ಲ. ಮೇಯರ್ ಡೇಲಿಯಾ ಪರ್ಕಿನ್ಸ್ ಕಾಲದಲ್ಲಿ ಊರಿನ ಕಮಿಷನರುಗಳು, ಅಂದ್ರೆ ಆಡಳಿತ ಮಂಡಳಿಯವರು, ವೋಟು ಹಾಕಿದ್ರು, ಪರ ಮೂರು, ವಿರುದ್ಧ ಎರಡು. ಇಲ್ಲೇ ಇರ್ತೀವಿ ಅಂತ. ಮುಂದಿನ ವರ್ಷ ಫೆಬ್ರವರಿಯಲ್ಲಿ ಕ್ಲಿಂಟನ್ ಈ ಒಂದು ಊರಿನ ಭವಿಷ್ಯಕ್ಕೇ ಅಂತ ಅಧ್ಯಕ್ಷರ ಆದೇಶ ಹೊರಡಿಸಿ ಒಂದು ಸಮಿತಿ ಮಾಡಿದ್ರು, ಅಷ್ಟು ದೊಡ್ಡ ವಿಷಯ ಆಗಿತ್ತು ಅದು.

ಈ ವೋಟಿನ ಬಗ್ಗೆ ಮಾತು ಬಂದಾಗೆಲ್ಲ, ಒಳ್ಳೇ ಓದಿದವರ ಬಾಯಲ್ಲೂ ಒಂದೇ ಮಾತು, ಅಲ್ಲ ಮುಳುಗತ್ತೆ ಅಂತ ಗೊತ್ತಿದ್ದೂ ಯಾಕೆ ಅಲ್ಲೇ ಇರ್ತಾರೆ, ದುಡ್ಡು ತಗೊಂಡು ಹೋಗಬಾರದಾ. ನನಗೆ ಈ ಮಾತು ಕೇಳಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಇದೇ ಮಾತನ್ನ ನಮ್ಮೂರವರ ಬಗ್ಗೆ ಕೇಳಿ ಕೇಳಿ ಬೆಳೆದವಳು ನಾನು. 2009ರ ನೆರೆ ಆದ್ಮೇಲೆ ಉತ್ತರ ಕರ್ನಾಟಕದಲ್ಲಿ ಎತ್ತರದ ಜಾಗ ಹುಡುಕಿ ಆಸರೆ ಮನೆ ಕಟ್ಟಿಕೊಟ್ರು. ಎಷ್ಟೋ ಊರುಗಳಲ್ಲಿ ಜನ ಹೋಗಲೇ ಇಲ್ಲ, ಹೋದವರು ಅರ್ಧ ಜನ ವಾಪಸ್ ಬಂದ್ರು. ಎರಡು ಖೋಲಿ ಮನೆ, ದನ ಕಟ್ಟೋಕೆ ಜಾಗ ಇಲ್ಲ, ಹೊಲ ದೂರ, ನೀರಿಗೆ ತ್ರಾಸು, ಗುಡಿ ಅಲ್ಲೇ ಉಳೀತು. 2019ರ ಆಗಸ್ಟಲ್ಲಿ ಮಲಪ್ರಭಾ ಮತ್ತೆ ಬಂತು, ಪಟ್ಟದಕಲ್ಲಿನ ಗುಡಿಗಳೊಳಗೇ ನೀರು ಬಂದಿದ್ದನ್ನ ಎಲ್ಲರೂ ಟೀವಿಯಲ್ಲಿ ನೋಡಿದ್ರು, ಆಗ ಇದೇ ಜನಾನ ಬೈದ್ರು, ಮನೆ ಕೊಟ್ರೂ ಹೋಗ್ಲಿಲ್ಲ ನೋಡು ಅಂತ. ಮನೆ ಕೊಡೋದು ಬೇರೆ, ಬದುಕು ಕೊಡೋದು ಬೇರೆ ಅಂತ ಬೈಯ್ಯೋರಿಗೆ ಅನ್ನಿಸಲೇ ಇಲ್ಲ.

ಬೈಔಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಕಿನ್‌ಸ್ಟನ್‌ನಲ್ಲಿ ಲಿಂಕನ್ ಸಿಟಿ ಅಂತ ಕರಿಯರ ಒಂದು ಇಡೀ ಬಡಾವಣೆ, 1996ರ ಫ್ರಾನ್, ಆಮೇಲೆ ಫ್ಲಾಯ್ಡ್, ಎರಡಾದ ಮೇಲೆ ಹೆಚ್ಚುಕಮ್ಮಿ ಪೂರ್ತಿ ಬೈಔಟ್ ಆಯ್ತು. ಮ್ಯಾಥ್ಯೂ ಬಂದಾಗ ಆ ಜಾಗ ಮತ್ತೆ ಮುಳುಗ್ತು, ಆದ್ರೆ ಮುಳುಗೋಕೆ ಅಲ್ಲಿ ಮನೆಗಳೇ ಇರಲಿಲ್ಲ, ಜನ ಉಳಿದ್ರು. ಅದು ಸಣ್ಣ ವಿಷಯ ಅಲ್ಲ. ಆದ್ರೆ ಕಿನ್‌ಸ್ಟನ್ ದೊಡ್ಡ ಊರು, ಒಂದು ಬಡಾವಣೆ ಹೋದ್ರೆ ಊರು ಉಳಿಯತ್ತೆ. ಎರಡು ಸಾವಿರ ಜನದ ಪ್ರಿನ್ಸ್‌ವಿಲ್ಲಿಂದ ಮನೆಗಳು ಹೋದ್ರೆ ತೆರಿಗೆ ಹೋಯ್ತು, ತೆರಿಗೆ ಹೋದ್ರೆ ನೀರು, ಒಳಚರಂಡಿ ನಡೆಸೋಕಾಗಲ್ಲ, ಚರ್ಚಿಗೆ ಜನ ಬರಲ್ಲ, ಆಮೇಲೆ 1885ರ ಆ ಸನದು ಬರೀ ಮ್ಯೂಸಿಯಂ ಗೋಡೆಗೆ ನೇತುಹಾಕೋ ಕಾಗದ ಆಗತ್ತೆ.

ನನ್ನ ಜೊತೆ ಕೆಲಸ ಮಾಡೋ ಒಬ್ಬಳ ದೊಡ್ಡಮ್ಮ ಆ ಊರಲ್ಲಿದ್ದಾರೆ. ಅವಳ ಜೊತೆ ಒಂದು ಸಲ ಹೋಗಿದ್ದೆ, ರಾಲಿಯಿಂದ 64ನೇ ಹೆದ್ದಾರಿ ಹಿಡಿದ್ರೆ ಒಂದೂಕಾಲು ಗಂಟೆ. ಒಡ್ಡಿನ ಮೇಲೆ ಹತ್ತಿ ನಿಂತ್ರೆ ಈ ಕಡೆ ಹುಲ್ಲು ಕತ್ತರಿಸಿದ ಇಳಿಜಾರು, ಆ ಕಡೆ ಮರಗಳ ನಡುವೆ ಟಾರ್, ಚಹಾ ಬಣ್ಣದ ನೀರು, ಹರೀತಿದೆಯೋ ನಿಂತಿದೆಯೋ ಗೊತ್ತಾಗಲ್ಲ, ಇಷ್ಟು ಸಣ್ಣ ಹೊಳೆ 41 ಅಡಿ ಏರತ್ತೆ ಅಂದ್ರೆ ನಂಬೋಕೇ ಆಗಲ್ಲ. ಒಂದೇ ಬೀದಿಯಲ್ಲಿ ಒಂದು ಮನೆ ನೆಲಕ್ಕೇ ಅಂಟಿಕೊಂಡಿದ್ರೆ ಪಕ್ಕದ್ದು ಇಟ್ಟಿಗೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದು. ದೊಡ್ಡಮ್ಮನ ಮನೆಯೂ ಎತ್ತಿಸಿದ್ದೇ, ಮೊಣಕಾಲು ನೋವಿರೋ ಆ ಹೆಂಗಸು ದಿನಾ ಅಷ್ಟೊಂದು ಮೆಟ್ಟಿಲು ಹತ್ತಿ ಇಳೀಬೇಕು, ದಿನಸಿ ಚೀಲ ಹಿಡ್ಕೊಂಡು. ಒಳಗೆ ಪ್ಲಗ್ ಪಾಯಿಂಟೆಲ್ಲ ಎದೆ ಮಟ್ಟಕ್ಕೆ. ಫೋಟೋಗಳು ಅಟ್ಟದ ಮೇಲೆ, ಮುಚ್ಚಳ ಬಿಗಿಯೋ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಗೋಡೆ ಮೇಲಿದ್ದದ್ದು ಒಂದೇ, ಗಂಡಂದು, ಅದೂ ಚರ್ಚಿನವರ ಹತ್ರ ಇದ್ದ ಪ್ರತಿಯಿಂದ ಮಾಡಿಸಿದ್ದು, ಮನೆಯಲ್ಲಿದ್ದವೆಲ್ಲ ಫ್ಲಾಯ್ಡಿಗೆ ಹೋಗಿದ್ವು. ಯಾಕೆ ಬಿಟ್ಟು ಹೋಗಲಿಲ್ಲ ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ, ಕೇಳೋ ಹಕ್ಕೂ ಇರಲಿಲ್ಲ ಅನ್ನಿ. ಅವರೇ ಕಿಟಕಿ ತೋರಿಸಿ ಯಾವ ಮನೆ ಯಾರದ್ದು, ಯಾರ ಅಜ್ಜ ಯಾರಿಗೆ ಮನೆ ಕಟ್ಟಿಕೊಟ್ಟಿದ್ದು ಅಂತ ಹೇಳ್ತಾ ಹೋದ್ರು. ಆ ಬೀದಿಯಲ್ಲಿ ಆ ಹೆಂಗಸು ಯಾರೂ ಅಲ್ಲದವರಲ್ಲ. ಬೇರೆ ಊರಿನ ಅಪಾರ್ಟ್‌ಮೆಂಟಲ್ಲಿ ಅವರು ಬರೀ ಒಬ್ಬ ಬಾಡಿಗೆದಾರಳು.

ರಿಪೇರಿ ಮಾಡಿದ ಒಡ್ಡು ಮ್ಯಾಥ್ಯೂಗೆ ತಡೀಲಿಲ್ಲ. 2016ರಲ್ಲಿ ಟಾರ್ ಸುಮಾರು 36 ಅಡಿ ಏರಿತು, ಮತ್ತೆ ನೀರು ತುದಿ ಸುತ್ತಿಕೊಂಡು, ಹೆದ್ದಾರಿ ಕೆಳಗಿನ ಮೋರಿಗಳಿಂದ ಹಿಂದಕ್ಕೆ ನುಗ್ಗಿ ಬಂತು. ಊರು ಖಾಲಿ ಮಾಡಿಸಿದ್ರಿಂದ ಜೀವ ಉಳೀತು, ಮನೆಗಳು ಉಳೀಲಿಲ್ಲ. ಶಾಲೆ ವಾಪಸ್ ತೆರೆದಿದ್ದು 2020ರಲ್ಲಿ, ಅಲ್ಲಿವರೆಗೂ ಮಕ್ಕಳು ಹೊಳೆ ದಾಟಿ ಟಾರ್‌ಬರೋಗೆ ಹೋಗ್ತಿದ್ರು. ಒಡ್ಡನ್ನ ಸರಿಯಾಗಿ ಎತ್ತರಿಸಿ ಉದ್ದ ಮಾಡೋಕೆ 39.6 ಮಿಲಿಯನ್ ಡಾಲರ್ ಕೊಡ್ತೀವಿ ಅಂತ ಆರ್ಮಿ ಕೋರ್ ಹೇಳಿದ್ದೂ 2020ರಲ್ಲೇ. ಫ್ಲಾಯ್ಡ್ ಆಗಿ ಇಪ್ಪತ್ತು ವರ್ಷ ದಾಟಿದ ಮೇಲೆ! ಇಷ್ಟು ತಡ ಯಾಕೆ ಅಂತ ನೋಡ್ತಾ ಹೋದ್ರೆ ಸಿಗೋದು ಒಂದು ಲೆಕ್ಕದ ಪದ್ಧತಿ. ಒಡ್ಡಿಗೆ ಹಾಕೋ ಒಂದು ಡಾಲರಿಗೆ ಎಷ್ಟು ಡಾಲರ್ ಆಸ್ತಿ ಉಳಿಯತ್ತೆ ಅಂತ ನೋಡ್ತಾರೆ. ಬಡವರ ಮನೆ, ಬೆಲೆ ಕಮ್ಮಿ, ಮುಳುಗಿದ್ರೆ ನಷ್ಟಾನೂ ಕಮ್ಮಿ, ಹಾಗಾಗಿ ಕಾಪಾಡೋದ್ರಲ್ಲಿ ಲಾಭ ಇಲ್ಲ ಅಂತ ಬರತ್ತೆ. ತಗ್ಗಿನ ಜಾಗ ಕೊಟ್ಟು ಕೂರಿಸಿದ್ರು, ತಗ್ಗಲ್ಲಿ ಇದ್ದಿದ್ರಿಂದ ಮನೆ ಬೆಲೆ ಏರಲಿಲ್ಲ, ಬೆಲೆ ಏರದೇ ಇದ್ದಿದ್ರಿಂದ ಒಡ್ಡು ಬರಲಿಲ್ಲ. ಇದು ಅನ್ಯಾಯ, ಬೇರೆ ಮಾತೇ ಇಲ್ಲ. ಹತ್ತಿರದಲ್ಲೇ ಎತ್ತರದ 53 ಎಕರೆ ಜಾಗ ಊರಿಗೆ ಅಂತ ಕೊಂಡಿದ್ದಾರೆ, ಊರಿನ ಗಡಿಯನ್ನೇ ಆ ಕಡೆ ಚಾಚಿ, ಹೋಗೋರು ಹೋದ್ರೂ ಪ್ರಿನ್ಸ್‌ವಿಲ್ ಒಳಗೇ ಇರೋ ಹಾಗೆ. ನನಗೆ ಇದುವರೆಗೂ ಕಂಡಿದ್ದರಲ್ಲಿ ಮರ್ಯಾದೆ ಇರೋ ದಾರಿ ಅಂದ್ರೆ ಇದೇ, ಮೊದಲ ದಿನವೇ ಮಾಡಬೇಕಿತ್ತು.

2024ರ ಸೆಪ್ಟೆಂಬರಲ್ಲಿ ಹೆಲೀನ್ ಬಂದಾಗ ಇದೇ ಪಾಠವನ್ನ ಬೆಟ್ಟದವರು ಕಲೀಬೇಕಾಯ್ತು. ಫ್ಲಾರಿಡಾದಲ್ಲಿ ದಡ ಮುಟ್ಟಿದ್ದು, ಅಲ್ಲಿಂದ ಸುಮಾರು 600 ಕಿಲೋಮೀಟರ್ ಒಳಗೆ, ಸಮುದ್ರ ಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿ ಆಶ್‌ವಿಲ್. ಬೇಸಿಗೆಗೆ ಅಂತ ನಮ್ಮವರೆಲ್ಲ ಓಡೋ ತಂಪಾದ ಊರು. ಹೆಲೀನ್ ಬರೋಕೆ ಮುಂಚೆಯೇ ಎರಡು ದಿನ ಮಳೆ ಹೊಡೆದಿತ್ತು, 1999ರಲ್ಲಿ ಡೆನಿಸ್ ಮಾಡಿದ ಕೆಲಸವನ್ನೇ ಇಲ್ಲಿ ಅದು ಮಾಡ್ತು. ಬುಸಿಕ್ ಅನ್ನೋ ಕಡೆ ಎಲ್ಲ ಸೇರಿ 30 ಇಂಚು ದಾಟಿತು. ಫ್ರೆಂಚ್ ಬ್ರಾಡ್ ನದಿ 1916ರ ದಾಖಲೆ ಮುರೀತು. ಕೆಳಗಿನ ಬಯಲಲ್ಲಿ ನೀರು ದಿನಗಟ್ಟಲೆ ಏರಿದ್ರೆ ಬೆಟ್ಟದಲ್ಲಿ ಗಂಟೆಗಳ ಲೆಕ್ಕ, ಮೇಲೆ ಗುಡ್ಡ ಜರಿಯೋದು ಬೇರೆ. ನಾರ್ತ್ ಕೆರೊಲೈನಾ ಒಂದರಲ್ಲೇ ನೂರಕ್ಕೂ ಹೆಚ್ಚು ಜನ ಹೋದ್ರು. ಆಶ್‌ವಿಲ್ ಜನಕ್ಕೆ ಕುಡಿಯೋಕೆ ಯೋಗ್ಯವಾದ ನಲ್ಲಿ ನೀರು ಮತ್ತೆ ಬಂದಿದ್ದು ನವೆಂಬರ್ 18ಕ್ಕೆ. ಆ ಭಾಗದ ಜಿಲ್ಲೆಗಳಲ್ಲಿ ನೆರೆ ಇನ್ಶೂರೆನ್ಸ್ ಇದ್ದ ಮನೆಗಳು ನೂರಕ್ಕೆ ಒಂದೂ ಇರಲಿಲ್ಲ, ಹರಿಕೇನ್ ಅಂದ್ರೆ ಸಮುದ್ರದವರ ತಲೆನೋವು ಅಂತ.

ಇಲ್ಲಿರೋ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕು ಅನ್ನಿಸತ್ತೆ. ಮನೆ ಕೊಳ್ಳೋವಾಗ ಸ್ಕೂಲ್ ರೇಟಿಂಗ್ ನೋಡ್ತೀವಿ, ಪೂರ್ವ ದಿಕ್ಕಿನ ಬಾಗಿಲು ನೋಡ್ತೀವಿ, ಹಿಂದೆ ಹಳ್ಳ ಇದ್ರೆ ನೋಟ ಚೆನ್ನಾಗಿದೆ ಅಂತ ನಾಕು ಕಾಸು ಜಾಸ್ತಿನೇ ಕೊಡ್ತೀವಿ. ಏಜೆಂಟ್ "ಹಂಡ್ರೆಡ್ ಇಯರ್ ಫ್ಲಡ್‌ಪ್ಲೇನ್" ಅಂದ್ರೆ ನೂರು ವರ್ಷಕ್ಕೊಂದು ಸಲ ತಾನೇ, ನಮ್ಮ ಕಾಲಕ್ಕೆ ಬರಲ್ಲ ಬಿಡು ಅಂತೀವಿ. ಅದರ ಲೆಕ್ಕ ಏನಂದ್ರೆ ಪ್ರತಿ ವರ್ಷ ನೂರಕ್ಕೆ ಒಂದು ಪಾಲು ಸಾಧ್ಯತೆ, ಈ ವರ್ಷ ಬಂದ್ರೂ ಮುಂದಿನ ವರ್ಷ ಮತ್ತೆ ಅಷ್ಟೇ. ಮೂವತ್ತು ವರ್ಷದ ಸಾಲ ತೀರಿಸೋದ್ರೊಳಗೆ ನಾಲ್ಕರಲ್ಲಿ ಒಂದು ಮನೆಗೆ ಬಂದೇ ಬರತ್ತೆ ಅನ್ನೋ ಹಾಗೆ. ಸರ್ಕಾರದ ನೆರೆ ನಕ್ಷೆಯ ಗೆರೆಯಿಂದ ಆಚೆ ಇದೀವಿ ಅಂದ ಮಾತ್ರಕ್ಕೆ ನೀರು ಆ ಗೆರೆ ಓದ್ಕೊಂಡು ನಿಲ್ಲಲ್ಲ. ಇನ್ನು ನಮ್ಮ ಮನೆ ಎತ್ತರದಲ್ಲೇ ಇದ್ರೂ, ನಮ್ಮ ಡ್ರೈವ್‌ವೇ, ನಮ್ಮ ಸಬ್‌ಡಿವಿಷನ್ನಿನ ಡಾಂಬರು, ನಮ್ಮ ಮಾಲಿನ ಪಾರ್ಕಿಂಗ್ ಮೇಲೆ ಬಿದ್ದ ನೀರು ಇಂಗದೆ ನ್ಯೂಸ್‌ಗೆ ಓಡಿ ಗೋಲ್ಡ್ಸ್‌ಬರೋ, ಕಿನ್‌ಸ್ಟನ್ ಜನರ ಹೊಸ್ತಿಲಿಗೇ ಹೋಗೋದು. ಊರಿನ ಸಭೆಯಲ್ಲಿ ಮಳೆ ನೀರಿನ ಫೀಸ್ ಜಾಸ್ತಿ ಮಾಡ್ತೀವಿ ಅಂದಾಗ ಗಲಾಟೆ ಮಾಡೋಕೆ ಮುಂಚೆ ಅವರನ್ನ ಒಂದು ಸಲ ನೆನೆಸ್ಕೋಬೇಕು.

ಫ್ಲಾಯ್ಡ್ ಆದ್ಮೇಲೆ ಈ ರಾಜ್ಯ ಮಾಡಿದ ಒಂದು ಒಳ್ಳೇ ಕೆಲಸ ಅಂದ್ರೆ ವಿಮಾನದಿಂದ ಲೇಸರ್ ಬಿಟ್ಟು ಇಡೀ ನೆಲದ ಏರು ತಗ್ಗು ಅಳೆದು ಹೊಸ ನಕ್ಷೆ ಮಾಡಿಸಿದ್ದು, ನದಿಗಳ ಮೇಲೆ ಮಾಪಕ ಇಟ್ಟು ಫೈಮನ್ ಅಂತ ಒಂದು ಸೈಟಲ್ಲಿ ಎಲ್ಲರಿಗೂ ಕಾಣೋ ಹಾಗೆ ಇಟ್ಟಿದ್ದು. ಹತ್ತಿರದ ಹಳ್ಳ ಈಗ ಎಷ್ಟಿದೆ, ಎಷ್ಟು ಏರಿದ್ರೆ ಯಾವ ರಸ್ತೆ ಮುಳುಗತ್ತೆ ಅಂತ ಪುಕ್ಕಟೆ ನೋಡಬಹುದು. ಚಂಡಮಾರುತ ಬಂದಾಗ ಟೀವಿ ಬಿಟ್ಟು ಅದನ್ನ ನೋಡಿ, ಮಳೆ ನಿಂತ ಮೇಲೂ ಒಂದು ವಾರ ನೋಡ್ತಾ ಇರಿ, ಕೆಳಗಿನ ಊರುಗಳಲ್ಲಿ ಗೊತ್ತಿರೋರು ಇದ್ರೆ ಫೋನ್ ಮಾಡಿ. ಮನೆಯ ಮಾಮೂಲಿ ಇನ್ಶೂರೆನ್ಸಲ್ಲಿ ನೆರೆ ಸೇರಿರಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಸರ್ಕಾರಿ ಪಾಲಿಸಿಯಲ್ಲಿ ಮನೆ ಕಟ್ಟಡಕ್ಕೆ ಎರಡೂವರೆ ಲಕ್ಷ ಡಾಲರ್, ಒಳಗಿನ ಸಾಮಾನಿಗೆ ಒಂದು ಲಕ್ಷದವರೆಗೆ ಸಿಗತ್ತೆ, ನಕ್ಷೆಯ ಗೆರೆ ಆಚೆ ಇರೋರೂ ತಗೋಬಹುದು. ಆದ್ರೆ ಸಾಮಾನ್ಯವಾಗಿ ದುಡ್ಡು ಕಟ್ಟಿ 30 ದಿನ ಆದ್ಮೇಲೇ ಅದು ಜಾರಿಗೆ ಬರೋದು, ಹರಿಕೇನ್ ಸೀಸನ್ ಶುರುವಾಗೋದು ಜೂನ್ 1ಕ್ಕೆ, ಹಾಗಾಗಿ ಮಾಡಿಸೋದಿದ್ರೆ ಏಪ್ರಿಲ್ ಮುಗಿಯೋದ್ರೊಳಗೆ ಮಾಡಿಸಿಬಿಡಿ.